ಗಿರಣಿಯಲ್ಲಷ್ಟೇ ಕೇಳುವ ಕಿವಿ

ಹುಡಗಿ ಎಂಬ ಊರಿನ ಕೇಶರಬಾಯಿ ಹುಮನಾಬಾದಿಗೆ ಸೊಸೆಯಾಗಿ ಬಂದ ವರ್ಷವೇ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಸುದ್ದಿ ಆಕೆಗೆ ತಿಳಿದದ್ದು ಗಂಡನ ಬಾಯಿಂದ. ಗಂಡ ಬಕ್ಕಪ್ಪನದು ಕಲ್ಯಾಣದ ರಸ್ತೆಗೆ ಹತ್ತಿಕೊಂಡ ಹಿಟ್ಟಿನ ಗಿರಣಿ. ಊರ ಸುದ್ದಿಯೆಲ್ಲ ಜೋಳದ ಚೀಲದ ಸಂಗಡ ಅಲ್ಲಿಗೆ ಬರುತ್ತಿತ್ತು. ಬೆಳಿಗ್ಗೆ ಗಿರಣಿಗೆ ಹೊರಡುವ ಮೊದಲು ಆತ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ಹಿಂದಿನ ದಿನ ಯಾರು ಬಂದರು, ಯಾರ ಮನೆಯಲ್ಲಿ ಏನಾಯಿತು ಎಂದು ಆಕೆಗೆ ಹೇಳುತ್ತಿದ್ದ. ಇಡೀ ದಿನ ಎಂಜಿನ್ನಿನ ಮಗ್ಗುಲಲ್ಲಿ ಕೂಗಾಡುವ ಮನುಷ್ಯ ಮನೆಯೊಳಗೆ ದನಿ ಎತ್ತುತ್ತಲೇ ಇರಲಿಲ್ಲ. ಗೋಡೆಯ ಆಚೆ ಕೂತ ತನ್ನ ತಾಯಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಿದ್ದ. ಒಂದು ಮಾತೂ ತಪ್ಪಬಾರದೆಂದು ಕೇಶರಬಾಯಿ ರೊಟ್ಟಿ ಬಡಿಯುವ ಕೈಯನ್ನು ನಿಧಾನ ಮಾಡುತ್ತಿದ್ದಳು. ತವರಿನಲ್ಲಿ ಗಂಡಸರು ಹೀಗೆ ಹೆಂಡತಿಯ ಎದುರು ಕೂತು ಮಾತಾಡಿದ್ದನ್ನು ಆಕೆ ಕಂಡಿರಲಿಲ್ಲ.

ಮೂರು ವರ್ಷಕ್ಕೆ ಮಗ ಪಂಡರಿ ಹುಟ್ಟಿದ. ಬಾಣಂತನ ಮುಗಿಸಿಕೊಂಡು ಹುಮನಾಬಾದಿಗೆ ಮರಳಿದಾಗ ಆಕೆಯ ಕಿವಿಯೊಳಗೆ ಒಂದು ಸಪ್ಪಳ ಸೇರಿಕೊಂಡಿತ್ತು. ದೂರದಲ್ಲಿ ಎಲ್ಲೋ ಚಹಾದ ಕೆಟಲು ಕುದಿಯುತ್ತಿರುವ ಹಾಗೆ, ಸುಂಯ್ ಅಂತ. ಬಾಣಂತಿಗೆ ಗಾಳಿ ಹೊಕ್ಕಿದೆ ಎಂದು ಎಲ್ಲರೂ ಅಂದರು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರು. ಸಂತೆಗೆ ಬರುತ್ತಿದ್ದ ಕಿವಿ ತೊಳೆಯುವವನು ಕಡ್ಡಿ ಹಾಕಿ ಒಂದಿಷ್ಟು ಕೊಳೆ ತೆಗೆದು, "ಇನ್ನ ಖುಲ್ಲಾ ಆತು ನೋಡ್ರಿ" ಅಂದ. ಖುಲ್ಲಾ ಆಗಲಿಲ್ಲ. ಮಗಳು ಶಕುಂತಲಾ ಹುಟ್ಟಿದ ಮೇಲಂತೂ ಒಲೆಯ ಮುಂದಿನ ಗಂಡನ ಮಾತು ಬರೀ ತುಟಿಯ ಆಟವಾಗಿ ಉಳಿಯಿತು. ರೊಟ್ಟಿ ತಿನ್ನುವಾಗ ಆಕೆಗೆ ತನ್ನ ಹಲ್ಲಿನ ಸಪ್ಪಳವೇ ತಲೆ ತುಂಬ ಕೇಳುತ್ತಿತ್ತು, ಎದುರಿಗಿದ್ದವರ ಮಾತು ಒಂದೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಕೆ ಪಡಸಾಲೆಯಲ್ಲಿ ಬೆನ್ನು ತಿರುವಿ ಕೂತು ಜೋಳ ಹಸನ ಮಾಡುತ್ತಿದ್ದಳು. ಒಳಗೆ ತೊಟ್ಟಿಲಲ್ಲಿ ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು. ಹೊರಗಿನಿಂದ ಬಂದ ಅತ್ತೆ ಅಂಬುಬಾಯಿ ಕೂಸನ್ನು ಎತ್ತಿಕೊಂಡು ಬಂದು ಆಕೆಯ ಮುಂದೆ ನಿಂತಳು.

"ಕಿವ್ಯಾಗ ಹತ್ತಿ ಇಟ್ಕೊಂಡು ಕುಂತೀಯೇನ? ಕೂಸು ಉಸರು ಹಿಡದದ ನೋಡು!"

"ನನಗ ಕೇಳ್ಲಿಲ್ರಿ, ಅತ್ತಿ."

"ಕೇಳ್ಲಿಲ್ಲಂತ. ಗಿರಣ್ಯಾಗ ಗಂಡ ಮಾತಾಡಿದ್ರ ಕೇಳ್ತದ, ಮನ್ಯಾಗ ಕೂಸು ಅತ್ರ ಕೇಳೂದಿಲ್ಲ."

ಅಂಬುಬಾಯಿ ಕೆಟ್ಟ ಹೆಂಗಸಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಳು. ಬುತ್ತಿ ತೆಗೆದುಕೊಂಡು ಕೇಶರಬಾಯಿ ಗಿರಣಿಗೆ ಹೋದಾಗ, ಎಂಜಿನ್ನು ಢಬಢಬ ಬಡಿಯುತ್ತಿರುವಾಗ, ಉಳಿದವರಿಗೆ ತಮ್ಮ ಮಾತೇ ತಮಗೆ ಕೇಳದಂಥ ಆ ಗದ್ದಲದಲ್ಲಿ, ಆಕೆ ಗಂಡ ಅಂದದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುತ್ತಿದ್ದಳು. ಜೋಳ ತಂದವರೂ ಅದನ್ನು ನೋಡಿದ್ದರು. ಅದೂ ಅಲ್ಲದೆ, ಕಿವುಡರು ಗಟ್ಟಿಯಾಗಿ ಮಾತಾಡುತ್ತಾರೆ. ಕೇಶರಬಾಯಿಯ ದನಿಯೋ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಹೀಗಿರುವಾಗ ಆಕೆಗೆ ಕಿವಿ ಕೇಳುವುದಿಲ್ಲ ಎಂದು ಯಾರು ನಂಬಬೇಕು? ಒಮ್ಮೊಮ್ಮೆ ಆಕೆಗೇ ತನ್ನ ಮೇಲೆ ಸಂಶಯ ಬರುತ್ತಿತ್ತು. ನಾನು ಬೇಕಂತಲೇ ಮಾಡುತ್ತಿದ್ದೇನೆಯೇ, ಒಳಗೆ ಎಲ್ಲಿಯೋ ಅತ್ತೆಯ ಮೇಲೆ ಸಿಟ್ಟು ಇದೆಯೇ ಎಂದು ಯೋಚಿಸುತ್ತಿದ್ದಳು.

ಬಕ್ಕಪ್ಪ ಮಾತ್ರ ಈ ಬಗ್ಗೆ ಹೆಚ್ಚು ಕೇಳಲಿಲ್ಲ. ಒಂದು ದಿನ ಗಿರಣಿಯಲ್ಲಿಯೇ, "ಮಧ್ಯಾಹ್ನ ಬುತ್ತಿ ತಗೊಂಡು ಬಂದಾಕಿ ಸ್ವಲ್ಪ ಕುಂತು ಹೋಗು," ಅಂದ. ಅಂದಿನಿಂದ ಆಕೆ ಗಿರಣಿಯಲ್ಲಿ ಎಂಜಿನ್ನಿನ ಪಕ್ಕದ ಖಾಲಿ ಚೀಲಗಳ ಮೇಲೆ ಕೂತುಕೊಳ್ಳತೊಡಗಿದಳು. ಎಂಜಿನ್ನಿನ ಚಕ್ರಕ್ಕೆ ಹಾಕಿದ ಪಟ್ಟಾ ತಿರುಗುತ್ತಿರುವಾಗ, ಮೈತುಂಬ ಹಿಟ್ಟು ಬಡಿದುಕೊಂಡ ಬಕ್ಕಪ್ಪ ಗಂಟಲು ಹರಿಯುವಂತೆ ಕೂಗಿ ಕೂಗಿ ಊರ ಸುದ್ದಿ ಹೇಳುತ್ತಿದ್ದ. ಒಲೆಯ ಮುಂದೆ ಗುಟ್ಟಾಗಿ ಆಗುತ್ತಿದ್ದ ಸಂಸಾರದ ಮಾತು ಈಗ ಹತ್ತು ಮಂದಿಯ ನಡುವೆ ಆಗುತ್ತಿತ್ತು. ಗದ್ದಲದಲ್ಲಿ ಮತ್ತೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ ಅನ್ನುವುದೊಂದು ಚಲೋ. ಶಕುಂತಲಾಳ ಹಲ್ಲು ಬಂದದ್ದು, ಪಂಡರಿಯ ಜ್ವರ, ಅತ್ತೆಯ ಮುನಿಸು, ಎಲ್ಲ ಅಲ್ಲಿಯೇ. ಎಂಜಿನ್ನು ನಿಂತರೆ ಮಾತೂ ನಿಲ್ಲುತ್ತಿತ್ತು.

ಬಸ್ಸಿನಲ್ಲಿಯೂ ಹಾಗೆಯೇ. ಬಸವಕಲ್ಯಾಣದಲ್ಲಿ ಬಕ್ಕಪ್ಪನ ಅಕ್ಕನ ಮನೆ ಇತ್ತು. ಹಬ್ಬಕ್ಕೋ ತೊಟ್ಟಿಲ ಕಾರ್ಯಕ್ಕೋ ಅಲ್ಲಿಗೆ ಹೋಗುವ ದಿನ ಬಂದರೆ ಕೇಶರಬಾಯಿ ಹಿಂದಿನ ದಿನದಿಂದಲೇ ಖುಷಿಯಲ್ಲಿರುತ್ತಿದ್ದಳು. ಅಕ್ಕನ ಮನೆಗಾಗಿ ಅಲ್ಲ, ದಾರಿಗಾಗಿ. ಆ ಹಳೆಯ ಬಸ್ಸು ಕಿಟಕಿಗಳನ್ನೆಲ್ಲ ಗಡಗಡ ಅನ್ನಿಸುತ್ತ ಕಲ್ಲುದಾರಿಯ ಮೇಲೆ ಹೊರಟಿತೆಂದರೆ ಗಂಡನ ಮಾತು ಆಕೆಗೆ ಕೇಳಲು ಶುರುವಾಗುತ್ತಿತ್ತು. ಕರಿ ಹೊಲ, ತೊಗರಿ, ದೂರದ ಕೋಟೆಯ ಗೋಡೆ. ಕೋಟೆ ಕಂಡಿತೆಂದರೆ ಆಕೆಯ ಮನಸ್ಸು ಸಣ್ಣಗಾಗುತ್ತಿತ್ತು. ಸ್ಟ್ಯಾಂಡಿನಲ್ಲಿ ಇಳಿದು, ಓಣಿಯ ಸುಮ್ಮನಿದ್ದ ನೆರಳಿಗೆ ಹೊಕ್ಕರೆ, ಮುಂದೆ ನಡೆಯುತ್ತಿದ್ದ ಬಕ್ಕಪ್ಪ ಮತ್ತೆ ದೂರದವನಾಗುತ್ತಿದ್ದ. ಒಮ್ಮೆ ನಿಂತ ಬಸ್ಸಿನಿಂದ ಇಳಿಯುತ್ತ ಆಕೆ, "ಈ ಬಸ್ಸು ಇಲ್ಲಿ ನಿಲ್ಲಲಾರದಂಗ ಮುಂದ ಉಮರ್ಗಾ ಊರ ತನಕಾ ಹೋಗಬಾರದೇನ್ರಿ?" ಅಂದಳು. ಆತ ನಕ್ಕ. ಆ ನಗು ಆಕೆಗೆ ಕಂಡಿತಷ್ಟೇ.

ಹೀಗೆ ವರ್ಷಗಳು ಹೋದವು. ಮಕ್ಕಳು ತಾಯಿಯ ತೋಳು ಮುಟ್ಟಿ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದನ್ನು ಯಾರೂ ಹೇಳಿಕೊಡದೆಯೇ ಕಲಿತರು.

ಎಪ್ಪತ್ತೊಂದರ ಬೇಸಿಗೆಯಲ್ಲಿ ಅಂಬುಬಾಯಿ ಕಟ್ಟೆಯಿಂದ ಜಾರಿ ಕೈ ಮುರಿದುಕೊಂಡಳು. ಕೇಶರಬಾಯಿಯೇ ಆಕೆಯನ್ನು ಟಾಂಗಾದಲ್ಲಿ ದವಾಖಾನೆಗೆ ಕರೆದೊಯ್ದಳು. ಹೊಸದಾಗಿ ಬಂದಿದ್ದ ಡಾಕ್ಟರ್ ಪಟ್ಟಿ ಕಟ್ಟುತ್ತ, ಮುದುಕಿ ಯಾವಾಗ ಬಿದ್ದಳೆಂದು ಸೊಸೆಯನ್ನು ಕೇಳಿದರು. ಉತ್ತರ ಬರಲಿಲ್ಲ. ಮತ್ತೆ ಕೇಳಿದರು. ಅಂಬುಬಾಯಿ ನೋವಿನಲ್ಲಿಯೂ ಸುಮ್ಮನಿರಲಿಲ್ಲ.

"ಆಕಿಗಿ ಕೇಳೂದಿಲ್ರಿ ಸಾಹೇಬ್ರ. ಮನಸಿಗಿ ಬಂದ್ರ ಕೇಳ್ತದ. ಗಿರಣ್ಯಾಗ ಕೇಳ್ತದ, ಬಸ್ಸಿನ್ಯಾಗ ಕೇಳ್ತದ, ಮನ್ಯಾಗ ಕೇಳೂದಿಲ್ಲ."

ಡಾಕ್ಟರ್ ಕೈ ತಡೆದರು. "ಏನಂದ್ರಿ? ಗಿರಣ್ಯಾಗ ಚಲೋ ಕೇಳ್ತದಾ?"

"ಹೌದ್ರಿ. ಎಲ್ಲಾರಿಗಿಂತಾ ಚಲೋ ಕೇಳ್ತದ."

ಪಟ್ಟಿ ಕಟ್ಟುವುದು ಮುಗಿದ ಮೇಲೆ ಅವರು ಕಪಾಟಿನಿಂದ ಚಿಮಟಿಗೆಯಂಥ ಎರಡು ಕಾಲಿನ ಒಂದು ಉಕ್ಕಿನ ಕಡ್ಡಿ ತೆಗೆದರು. ಅದನ್ನು ತಮ್ಮ ಮೊಣಕಾಲಿಗೆ ಬಡಿದು ಕೇಶರಬಾಯಿಯ ಕಿವಿಯ ಹತ್ತಿರ ಹಿಡಿದರು. ಆಕೆ ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಬಡಿದು ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಆಕೆ ಬೆಚ್ಚಿ ಅತ್ತೆಯ ಸೆರಗು ಹಿಡಿದಳು. ತಲೆಯೊಳಗೆ ಗಂಟೆ ಹೊಡೆದ ಹಾಗೆ, ಅಷ್ಟು ಸ್ಪಷ್ಟ.

ಡಾಕ್ಟರ್ ಇಬ್ಬರನ್ನೂ ಕೂರಿಸಿಕೊಂಡು, ಆಕೆಯ ಕಡೆ ಮುಖ ಮಾಡಿ, ಗಟ್ಟಿಯಾಗಿ ಹೇಳಿದರು. ಸುಳ್ಳಲ್ಲ, ಹಟವಲ್ಲ, ಇದೊಂದು ಬೇನೆ. ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಎಲುಬೊಂದಿದೆ, ಕುದುರೆಯ ರಿಕಾಬಿನ ಆಕಾರದ್ದು, ಸವಾರ ಕಾಲಿಡುತ್ತಾನಲ್ಲ, ಅದರಂತೆ. ಸಪ್ಪಳ ಬಂದಾಗ ಅದು ಅಲುಗಬೇಕು. ಈಕೆಯದು ಜಾಮಾಗಿದೆ. ಬಸುರು, ಬಾಣಂತನದಲ್ಲಿ ಇದು ಹೆಚ್ಚಾಗುವುದುಂಟು, ವಂಶದಲ್ಲಿಯೂ ಬರುವುದುಂಟು. ಒಳಗಿನ ನರ ಇನ್ನೂ ಚಲೋ ಇದೆ, ಅದಕ್ಕೇ ಎಲುಬಿನಿಂದ ಕೇಳಿತು. ತನ್ನ ದನಿಯೂ ಎಲುಬಿನಿಂದ ದೊಡ್ಡದಾಗಿ ಕೇಳುವುದರಿಂದಲೇ ಈಕೆ ಮೆಲ್ಲಗೆ ಮಾತಾಡುತ್ತಾಳೆ. ಗದ್ದಲದಲ್ಲಿ ಕೇಳುವುದು ಯಾಕೆಂದರೆ, ಅಲ್ಲಿ ಎಲ್ಲರೂ ಕೂಗಿ ಮಾತಾಡುತ್ತಾರೆ, ಗದ್ದಲ ಮಾತ್ರ ಈಕೆಯ ಕಿವಿಗೆ ಅರ್ಧಂಬರ್ಧ ತಲುಪುತ್ತದೆ. ಹೈದರಾಬಾದಿನಲ್ಲಿ ಇದಕ್ಕೆ ಆಪರೇಶನ್ ಮಾಡುತ್ತಾರೆ.

ಕೇಶರಬಾಯಿಗೆ ತವರೂರು ಹುಡಗಿಯ ತನ್ನ ದೊಡ್ಡವ್ವ ನೆನಪಾದಳು. ಕರೆದರೆ ತಿರುಗುವುದಿಲ್ಲವೆಂದು ಆಕೆಯನ್ನು ಊರೆಲ್ಲ ಮೊಂಡಿ ಅನ್ನುತ್ತಿತ್ತು.

ಟಾಂಗಾದಲ್ಲಿ ಮರಳುವಾಗ ಅಂಬುಬಾಯಿ ಚಲೋ ಇದ್ದ ಕೈಯಿಂದ ಸೊಸೆಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಇಷ್ಟು ವರ್ಷ ನಾ ಬೈದದ್ದು ನಿನಗ ಎಷ್ಟು ಕೇಳೇದ?"

"ಎಲ್ಲಾ ಕೇಳೇದ್ರಿ," ಅಂದಳು ಕೇಶರಬಾಯಿ. "ನೀವು ಬೈವಾಗ ಭಾಳ ಜೋರ್ಲೆ ಬೈತಿದ್ರಿ."

ಮರುವರ್ಷ ಹೈದರಾಬಾದಿಗೆ ಹೋಗುವ ಮಾತು ಬಂದಾಗ, "ಮಕ್ಕಳನ್ನ ನಾ ನೋಡ್ಕೋತೀನಿ, ನೀವು ಹೋಗ್ರಿ," ಎಂದು ಮೊದಲು ಅಂದವಳು ಅತ್ತೆಯೇ.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಆಕೆಯನ್ನು ಒಂದು ಸಣ್ಣ ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿದರು. ಸಪ್ಪಳ ಕೇಳಿದಾಗಲೆಲ್ಲ ಬೆರಳು ಎತ್ತಬೇಕು. ಎಷ್ಟೋ ಹೊತ್ತು ಬೆರಳು ಎತ್ತದೆ ಕೂತಾಗ ಪರೀಕ್ಷೆಯಲ್ಲಿ ನಾಪಾಸಾದವಳಂತೆ ಆಕೆಗೆ ನಾಚಿಕೆಯಾಯಿತು. ಆಪರೇಶನ್ ಒಂದು ಕಿವಿಗೆ ಮಾತ್ರ ಎಂದರು. ಕೆಟ್ಟರೆ ಇದ್ದದ್ದೂ ಹೋದೀತು ಎಂದೂ ಹೇಳಿದರು. ಬಕ್ಕಪ್ಪ ಹೆಂಡತಿಯ ಮುಖ ನೋಡಿದ. ಆಕೆ, "ಮಾಡ್ಲಿ," ಅಂದಳು.

ಆಕೆಯ ಎಚ್ಚರ ತಪ್ಪಿಸಲಿಲ್ಲ. ಕಿವಿಯ ಸುತ್ತ ಸೂಜಿ ಚುಚ್ಚಿ ಮರಗಟ್ಟಿಸಿ, ಬಟ್ಟೆ ಮುಚ್ಚಿ ಕೆಲಸ ಮಾಡಿದರು. ಕೆರೆಯುವ ಸಪ್ಪಳ, ಆಮೇಲೆ ತಲೆ ಗಿರ್ರನೆ ತಿರುಗಿದ್ದು. ನಡುವೆ ಒಮ್ಮೆಲೆ ಯಾರೋ ಕಿವಿಯೊಳಗೇ ಕೂತಂತೆ ಡಾಕ್ಟರ ದನಿ: "ಬಾಯಿ, ಸುನಾಯಿ ದೇ ರಹಾ?" ಕೇಳುತ್ತಿದೆಯೇ ಎಂದು ಮೆಲ್ಲಗೆ ಕೇಳಿದ ಮಾತು. ಆಕೆ ಹೌದೆನ್ನಲೂ ಆಗದೆ ಅತ್ತುಬಿಟ್ಟಳು. ಆಮೇಲೆ ಕಿವಿಗೆ ಪಟ್ಟಿ ತುಂಬಿದರು, ಮತ್ತೆ ಎಲ್ಲ ಮಂಕಾಯಿತು. ಒಂದು ವಾರ ಎದ್ದರೆ ತಲೆ ಸುತ್ತು, ನಾಲಿಗೆಯ ಅರ್ಧಕ್ಕೆ ತಾಮ್ರದ ರುಚಿ. ಆ ವಾರವೆಲ್ಲ ಆಕೆ ಒಂದೇ ಒಂದನ್ನು ಕಾಯುತ್ತಿದ್ದಳು. ಒಲೆಯ ಮುಂದೆ ಕೂತು ಹೇಳುತ್ತಿದ್ದ ಆ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಮಾತುಗಳು ನೆನಪಿದ್ದವು, ದನಿ ಮಾತ್ರ ಬರಲಿಲ್ಲ.

ಪಟ್ಟಿ ತೆಗೆದ ದಿನ ಮೊದಲು ಕೇಳಿದ್ದು ಆಕೆಯ ಸ್ವಂತ ಬಳೆ. ಆಮೇಲೆ ನರ್ಸ್ ಹಾಸಿಗೆಯ ಮೇಲಿನ ಚಾದರ ಜಾಡಿಸಿದ್ದು. ಬಟ್ಟೆಗೆ ಸಪ್ಪಳ ಇರುತ್ತದೆ ಎನ್ನುವುದನ್ನೇ ಮರೆತಿದ್ದಳು. ಬಕ್ಕಪ್ಪ ವರಾಂಡದಿಂದ ಒಳಗೆ ಬಂದ.

"ಹ್ಯಾಂಗದ? ಕೇಳಾಕತ್ತದೇನು?"

ಇಡೀ ವಾರ್ಡು ತಿರುಗಿ ನೋಡಿತು. ಕೇಶರಬಾಯಿ ಕಿವಿ ಮುಚ್ಚಿಕೊಂಡಳು.

"ಕೇಳ್ತದ್ರಿ. ಇನ್ನ ಮೆಲ್ಲಕ ಮಾತಾಡ್ರಿ."

"ಆಂ?"

"ಮೆಲ್ಲಕ ಮಾತಾಡ್ರಿ."

"ಮೆಲ್ಲಕೇ ಮಾತಾಡಾಕತ್ತೇನಿ," ಎಂದು ಬಕ್ಕಪ್ಪ ಕೂಗಿದ.

ಡಾಕ್ಟರ್ ಅದನ್ನು ಬಾಗಿಲಲ್ಲಿ ನಿಂತು ನೋಡಿದ್ದರು. ಹಿಂದಿನಿಂದ ಬಕ್ಕಪ್ಪನ ಹೆಸರು ಹಿಡಿದು ಕರೆದರು. ಆತ ತಿರುಗಲಿಲ್ಲ. ಅವನನ್ನೂ ಅದೇ ಕೋಣೆಯಲ್ಲಿ ಕೂರಿಸಿದರು. ದಪ್ಪ ಸಪ್ಪಳಕ್ಕೆ ಆತನ ಬೆರಳು ಎದ್ದಿತು, ತೆಳ್ಳನೆಯದಕ್ಕೆ ಏಳಲಿಲ್ಲ. ಹೊರಗೆ ಬಂದ ಡಾಕ್ಟರ್ ತಮಗೆ ಬರುವ ಕನ್ನಡದಲ್ಲಿ ಹೇಳಿದ್ದೆಲ್ಲ ಈ ಸಲ ಕೇಳಿಸಿದ್ದು ಕೇಶರಬಾಯಿಗೆ. ಇವರದು ಬೇರೆ ಥರದ ಕಿವುಡು. ವರ್ಷಗಟ್ಟಲೆ ಎಂಜಿನ್ನಿನ ಪಕ್ಕ ನಿಂತು ಒಳಗಿನ ನರ ಸವೆದಿದೆ. ಇದಕ್ಕೆ ಆಪರೇಶನ್ ಇಲ್ಲ, ಹೋದದ್ದು ಬರುವುದಿಲ್ಲ. ತನ್ನ ದನಿ ತನಗೆ ಕೇಳದ್ದಕ್ಕೆ ಹೀಗೆ ಕೂಗುತ್ತಾರೆ.

"ನಾ ದಿನಾ ಅಲ್ಲೇ ಕುಂತು ಇವರನ್ನ ಮಾತಾಡಸ್ತಿದ್ದೆ, ಸಾಹೇಬ್ರ. ಅದಕ್ಕೇನ್ರಿ?"

"ಇಲ್ಲಮ್ಮ. ಎಂಜಿನ್ನಿನಿಂದ ಆದದ್ದು. ನೀನು ಬರದಿದ್ದರೂ ಆಗುತ್ತಿತ್ತು."

ಆಕೆ ಅದನ್ನು ನಂಬಿದಳೋ ಇಲ್ಲವೋ, ಯಾರಿಗೂ ಹೇಳಲಿಲ್ಲ. ಬಕ್ಕಪ್ಪ ಪಕ್ಕದಲ್ಲಿ ನಿಂತು, ತನ್ನ ಬಗ್ಗೆಯೇ ಮಾತು ಎಂದು ತಿಳಿಯದೆ, ಹೆಂಡತಿಗೆ ವಾಸಿಯಾದ ಸಂತೋಷದಲ್ಲಿ ಡಾಕ್ಟರಿಗೆ ಕೈ ಮುಗಿದ.

ಊರಿಗೆ ಮರಳುವ ಬಸ್ಸಿನಲ್ಲಿ ಆಕೆಯ ಹೊಸ ಕಿವಿಗೆ ಗದ್ದಲ ಚುಚ್ಚುತ್ತಿತ್ತು. ಹತ್ತಿ ತುರುಕಿಕೊಂಡು ಕೂತಳು. ಬಕ್ಕಪ್ಪ ಏನೋ ಕೇಳಿದ, ಆಕೆ ಹೇಳಿದಳು, ಆತನಿಗೆ ಕೇಳಲಿಲ್ಲ. ಜಹೀರಾಬಾದಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಆತನ ತೋಳು ಮುಟ್ಟಿ ತನ್ನ ಮುಖದ ಕಡೆ ತಿರುಗಿಸಿಕೊಂಡು, ಡಾಕ್ಟರ್ ಅಂದದ್ದನ್ನು ಒಂದೊಂದೇ ಮಾತಾಗಿ ಹೇಳಿದಳು. ಆತ ಆಕೆಯ ತುಟಿ ನೋಡುತ್ತಿದ್ದ.

"ಹಂಗಾದ್ರ ಗಿರಣಿ ಬಿಡಬೇಕೇನು?" ಅಂದ.

ಗಿರಣಿ ಬಿಡಲಾಗಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಇನ್ನೂ ಕೆಲವು ವರ್ಷ ನಡೆಸಿದ. ಪಂಡರಿ ಕೈಗೆ ಬಂದ ಮೇಲೆ ಕರೆಂಟಿನ ಮೋಟಾರು ಕೂಡಿಸಿದರು. ಕೇಶರಬಾಯಿ ಆ ಕಡೆ ಹೋಗುವುದನ್ನು ಬಿಟ್ಟಳು. ಮನೆಯಲ್ಲಿ ಗಂಡನನ್ನು ಬೆಳಕಿಗೆ ಕೂರಿಸಿ, ಬಾಯಿಗೆ ಸೆರಗು ಅಡ್ಡ ಬರದಂತೆ, ಅವಸರ ಮಾಡದೆ ಮಾತಾಡುತ್ತಿದ್ದಳು. ಕೇಳದವನಿಗೆ ಹೇಗೆ ಹೇಳಬೇಕೆಂಬುದು ಆಕೆಗೆ ಗೊತ್ತಿತ್ತಲ್ಲ. ಅಂಗಿಯ ಕಿಸೆಯಲ್ಲಿಡುವ ಕಿವಿಯ ಯಂತ್ರವೊಂದನ್ನೂ ತರಿಸಿದರು. ಅದು ಪಾತ್ರೆಯ ಸದ್ದನ್ನೇ ದೊಡ್ಡದು ಮಾಡುತ್ತದೆಂದು ಬಕ್ಕಪ್ಪ ಗೂಟಕ್ಕೆ ತೂಗುಹಾಕಿದ. ಬೆಳಿಗ್ಗೆ ಒಲೆಯ ಮುಂದೆ ಬಂದು ಕೂತರೆ ಆತನ ದನಿ ಓಣಿಗೆಲ್ಲ ಕೇಳುತ್ತಿತ್ತು. ಆಕೆ ರೊಟ್ಟಿ ಬಡಿಯುತ್ತ ಹೂಂ ಅನ್ನುತ್ತಿದ್ದಳು. ಎಲ್ಲ ಸಪ್ಪಳ ಮರಳಿ ಬಂದಿದ್ದವು, ಆ ಒಂದು ಮೆಲುದನಿ ಬಿಟ್ಟು. ಅದಕ್ಕಾಗಿ ಆಕೆಯ ಜೀವ ಹಂಬಲಿಸುತ್ತಲೇ ಇತ್ತು. ಗಂಡ ಎದುರಿಗಿದ್ದಾಗಲೇ ಆ ಹಂಬಲ ಹೆಚ್ಚಾಗುತ್ತಿತ್ತು.

ಶಕುಂತಲಾಳನ್ನು ದುಬಲಗುಂಡಿಗೆ ಕೊಟ್ಟಿದ್ದರು. ಎಂಬತ್ತಮೂರರ ಸುಗ್ಗಿಯಲ್ಲಿ ಗಂಡ ಹೆಂಡತಿ ಅಲ್ಲಿಗೆ ಹೋಗಿದ್ದರು. ಮೊಮ್ಮಗಳು ಆಗಷ್ಟೇ ಮಾತು ಕಲಿಯುತ್ತಿತ್ತು. ಅಂಗಳದಲ್ಲಿ ಬಕ್ಕಪ್ಪನ ಮೊಣಕಾಲು ಹಿಡಿದು ನಿಂತು ಮುಖ ಎತ್ತಿ ಏನೋ ಅಂದಿತು. ಕೂಸಿನ ದನಿ ಎಳೆಯಷ್ಟು ತೆಳ್ಳಗೆ. ಬಕ್ಕಪ್ಪ ಹೆಂಡತಿಯ ಕಡೆ ನೋಡಿದ.

"ಏನಂದ್ಲು?"

"ನಿಮಗ ಮುತ್ಯಾ ಅಂದ್ಲು."

"ಹ್ಯಾಂಗ ಅಂದ್ಲು?"

ಕೇಶರಬಾಯಿ ಆತನ ಎದುರು ಕೂತು, ತುಟಿ ಮುಂದೆ ಮಾಡಿ, ಕಣ್ಣು ಅಗಲಿಸಿ, ಕೂಸು ಅಂದಂತೆಯೇ ಅಂದು ತೋರಿಸಿದಳು. ಪಡಸಾಲೆಯಲ್ಲಿದ್ದ ಶಕುಂತಲಾ ನಕ್ಕಳು. ಬಕ್ಕಪ್ಪ ನಗಲಿಲ್ಲ. ಮುಂದೆ ಬಾಗಿ ಆಕೆಯ ಬಾಯಿಯನ್ನೇ ನೋಡುತ್ತ, "ಇನ್ನೊಮ್ಮೆ ಅನ್ನು," ಅಂದ.