ಮೊದಲು ಹೋಗುವವರು

ನನ್ನ ಗಂಡ ಕನ್ನಡ ಶಾಲೆಯ ಮಾಸ್ತರರು. ಮದುವೆಯಾದ ಮೇಲೆ ಅವರ ವರ್ಗಾವಣೆಯ ಹಿಂದೆ ನಾನೂ ಊರೂರು ತಿರುಗಿದೆ. ದುಧನಿಯಲ್ಲಿ ನಮಗೆ ಸಿಕ್ಕಿದ್ದು ಆಡು ಕಟ್ಟುತ್ತಿದ್ದ ಕೋಣೆ. ವಾಗದರಿಯಲ್ಲಿ ಶೇಂಗಾ ತುಂಬಿಡುತ್ತಿದ್ದ ಮನೆ. ಶೇಂಗಾ ಹೋಗಿತ್ತು, ಇಲಿಗಳು ಹೋಗಿರಲಿಲ್ಲ. ಅವರು ಊರು ಮುಟ್ಟಿದ ದಿನವೇ ಶಾಲೆಗೆ ಹಾಜರಾಗುತ್ತಿದ್ದರು. ಮನೆಯನ್ನು ಮನುಷ್ಯರು ಇರುವಂತೆ ಮಾಡುವುದು ನನ್ನ ಪಾಲಿಗೆ. ಮಾಡಿ ಮುಗಿಸಿ ಉಸ್ಸೆನ್ನುವಷ್ಟರಲ್ಲಿ ಇನ್ನೊಂದು ಊರು.

ರಷ್ಯದವರು ಆಕಾಶಕ್ಕೆ ಚೆಂಡು ಹಾರಿಸಿದ ಮರುವರ್ಷ ನಮ್ಮವರಿಗೆ ಹೊಸ ಹುಚ್ಚು ಹಿಡಿಯಿತು. ಸೊಲ್ಲಾಪುರದಿಂದ ಮರಾಠಿ ಮಾಸಿಕಗಳನ್ನು ತಂದು ಓದಿ, ಕನ್ನಡದಲ್ಲಿ ಲೇಖನ ಬರೆಯತೊಡಗಿದರು. ಮಂಗಳ ಗ್ರಹದ ಆಚೆ ಸೂರ್ಯನನ್ನು ಸುತ್ತುವ ಸಣ್ಣ ಬಂಡೆಗಳಿವೆಯಂತೆ. ಮುಂದೊಂದು ದಿನ ಜನ ಹೋಗಿ ಅಲ್ಲಿ ಇರುತ್ತಾರಂತೆ. ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕುಳಿತು ಬರೆದಷ್ಟನ್ನು ಓದುತ್ತಿದ್ದರು. ಬಂಡೆಯನ್ನು ಕೊರೆದು ಟೊಳ್ಳು ಮಾಡುವುದು, ಬಾಯಿ ಮುಚ್ಚಿ ಗಾಳಿ ತುಂಬುವುದು, ಮಂಜುಗಡ್ಡೆ ಸಿಕ್ಕರೆ ಕರಗಿಸಿ ನೀರು ಮಾಡುವುದು, ದೊಡ್ಡ ಕನ್ನಡಿಯಿಂದ ಬಿಸಿಲು ಒಳಗೆ ಬಿಟ್ಟು ಕಾಯಿಪಲ್ಲೆ ಬೆಳೆಯುವುದು. ನಾನು ಹೂಂಗುಟ್ಟುತ್ತಿದ್ದೆ. ಕೇಳಿಯೇ ನನಗೆ ಮೈಕೈ ನೋಯುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಸಂಜೆ ಓದುವುದನ್ನು ನಡುವೆ ನಿಲ್ಲಿಸಿ, “ನಂದೇಶ್ವರದ ಸಾಲಿಗಿ ಬದಲಿ ಆಗೇದ” ಎಂದರು. ಮತ್ತೆ ಓದಲು ಶುರುಮಾಡಿದರು. ನನಗೆ ಸಿಟ್ಟೂ ಬರಲಿಲ್ಲ, ಅಷ್ಟು ಸಾಕಾಗಿತ್ತು.

“ಅಲ್ಲಿಗಿ ಮದಲ ಯಾರು ಹೋಗತಾರ್ರಿ?” ಎಂದೆ.

“ಎಲ್ಲಿಗಿ, ನಂದೇಶ್ವರಕ್ಕ?”

“ಅಲ್ರಿ, ನಿಮ್ಮ ಆ ಕಲ್ಲಿಗಿ.”

“ಗಂಡಸರು. ಎಲ್ಲಾ ತಯಾರ ಆದ ಮ್ಯಾಲ ಹೆಂಗಸರು, ಮಕ್ಕಳು.”

“ತಯಾರ ಮಾಡಾವ್ರು ಯಾರು ಮತ್ತ?”

“ಅವರ ಮಾಡತಾರ. ಮದಲ ಹೋದಾವ್ರು.”

“ಹಂಗಾದ್ರ ನಂದೇಶ್ವರಕ್ಕೂ ನೀವ ಮದಲ ಹೋಗ್ರಿ. ತಯಾರ ಆದ ಮ್ಯಾಲ ನಾ ಬರ್ತೀನಿ.”

ಅವರು ನಕ್ಕರು. ನಾನು ನಗಲಿಲ್ಲ.

ಜೂನ್ ತಿಂಗಳಲ್ಲಿ ಹಾಸಿಗೆ ಸುತ್ತಿಕೊಂಡು ಒಬ್ಬರೇ ಹೋದರು. ಗಂಡನನ್ನು ಒಬ್ಬನನ್ನೇ ಅಟ್ಟಿದಳು ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ ಎಂದುಕೊಂಡೆ. ಆದರೆ ಒಳಗೊಳಗೇ ಹೆದರಿಕೆ ಇತ್ತು. ಅವರು ಸೋತು ಬಂದು ಕರೆದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಹೋದರೆ ಈ ಸಲ ನನ್ನ ಕೈಲಾಗುವುದಿಲ್ಲ.

ದೀಪಾವಳಿಗೆ ಶಾಲೆ ಸೂಟಿ ಬಿಟ್ಟಾಗ ಬಂದರು. ಸೊರಗಿದ್ದರು. ಲೇಖನದ ಮಾತೇ ಇಲ್ಲ. “ತಯಾರ ಆಗೇದ, ಬಾ” ಎಂದಷ್ಟೇ ಹೇಳಿದರು. ನಾನು ನಂಬಲಿಲ್ಲ, ಆದರೂ ಗಂಟು ಕಟ್ಟಿದೆ.

ನಂದೇಶ್ವರದ ಮನೆ ಊರ ಅಂಚಿಗೆ, ಕುರಿಹಟ್ಟಿಯ ಪಕ್ಕದಲ್ಲಿತ್ತು. ಹೊಸ ಮನೆಗೆ ಕಾಲಿಟ್ಟ ಕೂಡಲೇ ಕೆಲಸ ಹುಡುಕುವುದು ನನ್ನ ಕಣ್ಣಿನ ಚಾಳಿ. ನೆಲ ಸಾರಿಸಿತ್ತು, ಸೆಗಣಿ ಗಟ್ಟಿಯಾಗಿ ಅಲ್ಲಲ್ಲಿ ಬಿರುಕು ಬಿಟ್ಟು, ಅವರ ಬೆರಳುಗಳ ಗುರುತು ಹಾಗೇ ಉಳಿದಿತ್ತು. ಒಲೆ ಹಾಕಿದ್ದರು, ಅದರ ಬಾಯಿ ಗಾಳಿಗೆ ಎದುರಾಗಿತ್ತು, ಹೊತ್ತಿಸಿದರೆ ಹೊಗೆಯೆಲ್ಲ ಒಳಗೇ. ಗೋಡೆಗೆ ಸುಣ್ಣ ಕೈಗೆ ನಿಲುಕುವಷ್ಟು ಎತ್ತರಕ್ಕೆ ಮಾತ್ರ. ಕೊಡಗಳಲ್ಲಿ ನೀರು ತುಂಬಿತ್ತು.

“ಹೆಂಗ ಆಗೇದ?” ಎಂದು ಬಾಗಿಲಲ್ಲೇ ನಿಂತು ಕೇಳಿದರು.

ಒಲೆಯ ಮಾತು ಎತ್ತಬೇಕೆಂದು ಬಾಯಿ ತೆರೆದೆ, ಅಳು ಬಂತು. ಗಂಟು ಬಿಚ್ಚದೆ ಚಾಪೆ ಹಾಸಿ ಆ ನೆಲದ ಮೇಲೆ ಮಲಗಿಬಿಟ್ಟೆ. ಅಲ್ಲಿಯವರೆಗೆ ಯಾವ ಊರಿನಲ್ಲೂ, ಹೋದ ದಿನ ಹಗಲು ನಾನು ಮಲಗಿದ್ದಿಲ್ಲ.