ಬಂಗುಡೆಯ ಕಿವಿರಿನ ಕೆಂಪು

ಆಗ ನನಗೆ ಅರವತ್ತೇಳು. ಹತ್ತು ವರ್ಷದ ಹಿಂದಿನ ಮಾತು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮಗನ ಫ್ಲ್ಯಾಟು. ಅಡುಗೆಯೂ ಮೀನು ತರುವುದೂ ನನ್ನ ಕೆಲಸ.

ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ಮೀನಿನ ಕಿವಿರು ನೋಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು. ಒಂದು ದಿನ ಅಲ್ ಮೀನಾ ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿದರೆ ಹಳೆ ಹುಣಸೆಹಣ್ಣಿನ ಬಣ್ಣ. ಮೀನು ಮಾರುವ ಭಟ್ಕಳದವನಿಗೆ ಬೈದೆ.

"ಇದೆಂತ, ಹೋದ ವಾರದ್ದಾ?"

"ಬೆಳಿಗ್ಗೆ ಬಂದ ಮಾಲು ಅಮ್ಮ! ಹಾಳಾದದ್ದು ನನ್ನ ಮೀನಲ್ಲ, ನಿಮ್ಮ ಕಣ್ಣು."

ಪಕ್ಕದ ಅಂಗಡಿಗೆ ಹೋದೆ. ಅಲ್ಲಿಯೂ ಹುಣಸೆಹಣ್ಣೇ. ಇಡೀ ಮಾರ್ಕೆಟ್ಟು ಒಟ್ಟಿಗೆ ಮೋಸ ಮಾಡಲಿಕ್ಕಿಲ್ಲ. ಎಡಗಣ್ಣು ತೆರೆದೆ. ಅದೇ ಕಿವಿರು ರಕ್ತದ ಹಾಗೆ ಕೆಂಪಾಯಿತು.

ಮಗ ಆಸ್ಪತ್ರೆಗೆ ಕರೆದೊಯ್ದ. ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರ ತೋರಿಸಿ, ಕಾಣುತ್ತದಾ ಎಂದು ಡಾಕ್ಟರು ಕೇಳಿದರು. "ಕಾಣುತ್ತದೆ. ಹೆಸರು ಗೊತ್ತಿಲ್ಲ" ಎಂದೆ. ಆಮೇಲೆ ಬಾಟಲಿಯ ಕೆಂಪು ಮುಚ್ಚಳ ಹಿಡಿದರು. ಬಲಗಣ್ಣಿಗೆ ಅದೂ ಹುಣಸೆಹಣ್ಣು. ಸ್ಕ್ಯಾನ್ ಆಯಿತು. ಕಣ್ಣಿನ ನರಕ್ಕೆ ಗಡ್ಡೆ ಸುತ್ತಿಕೊಂಡಿದೆ, ಕ್ಯಾನ್ಸರ್ ಅಲ್ಲ, ಬಿಟ್ಟರೆ ಆ ಕಣ್ಣು ಹೋಗುತ್ತದೆ, ಕೊಯ್ದು ತೆಗೆಯಹೋದರೆ ನರವೂ ಹೋಗುತ್ತದೆ ಎಂದರು. ರೇಡಿಯೇಶನ್ ಕೊಟ್ಟರೆ ಇದ್ದದ್ದು ಉಳಿಯಬಹುದು, ಹೋದದ್ದು ಬರುತ್ತದೆಂದು ಹೇಳಲಾರೆವು.

ಮಗ ಕಾರಿನಲ್ಲೇ ತೀರ್ಪು ಕೊಟ್ಟ. "ಅಮ್ಮ, ಇನ್ನು ಮಾರ್ಕೆಟ್ಟು ಖಲಾಸ್. ಕಟ್ ಮಾಡಿದ ಮೀನು ಸೂಪರ್ ಮಾರ್ಕೆಟ್ಟಿಂದ ತರುವ. ನೀವು ಟಿವಿ ನೋಡಿಕೊಂಡು ಕೂತ್ಕೊಳ್ಳಿ."

"ಟಿವಿ ನೋಡ್ಲಿಕ್ಕಾ ಕಣ್ಣು ಉಳಿಸುವುದು? ತಲೆ ಇಲ್ಲದ ಮೀನು ತಾಜಾ ಅಂತ ಯಾರು ಹೇಳಿದ್ದು ನಿನಗೆ?"

"ಹಠ ಮಾಡ್ಬೇಡಿ ಮಾರಾಯ್ರೆ."

"ನಾನು ಹಠ ಮಾಡದಿದ್ದರೆ ನೀನು ಹತ್ತನೇ ಕ್ಲಾಸೇ ಪಾಸಾಗ್ತಿರಲಿಲ್ಲ."

ರೇಡಿಯೇಶನ್ನಿಗೆ ಒಪ್ಪಿದೆ. ಆಸ್ಪತ್ರೆಯಲ್ಲಿ ಮೊದಲು ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಮುಖಕ್ಕೆ ಒತ್ತಿದರು. ಅದು ಗಟ್ಟಿಯಾಗಿ ನನ್ನ ಮುಖದ ಅಚ್ಚಾಯಿತು. ಪ್ರತಿ ಸಲ ಅದನ್ನೇ ತೊಡಿಸಿ, ತಲೆ ಕದಲದಂತೆ ಮೇಜಿಗೆ ಬಿಗಿಯುತ್ತಿದ್ದರು. ನೋವಿಲ್ಲ, ಯಂತ್ರದ ಗುಂಯ್ ಸದ್ದು ಮಾತ್ರ. ಆ ಬಲೆಯೊಳಗೆ ಮಲಗಿ ನಾನು ಸಾರಿಗೆ ಮೆಣಸು ಎಷ್ಟು ಹುರಿಯಬೇಕೆಂದು ಯೋಚಿಸುತ್ತಿದ್ದೆ. ದೇವರನ್ನು ಕರೆಯಲಿಲ್ಲ, ಅವನಿಗೆ ಬೇರೆ ಕೆಲಸವಿರುತ್ತದೆ. ಸುಸ್ತಾಗುತ್ತಿತ್ತು. ಕಿವಿಯ ಮೇಲಿನ ಕೂದಲು ಒಂದಿಷ್ಟು ಉದುರಿತು. ಸೊಸೆ ಸ್ಕಾರ್ಫ್ ತಂದಳು. ಅದರಿಂದ ಗ್ಯಾಸ್ ಒಲೆ ಒರೆಸಿದೆ.

ಒಂದೂವರೆ ತಿಂಗಳಾದ ಮೇಲೆ ಕೊನೆಯ ಸಲದ್ದೂ ಮುಗಿಯಿತು. ಮನೆಗೆ ಬಂದರೆ ಮಗ ಫ್ರೀಜರಿನ ತುಂಬ ತಲೆ ಇಲ್ಲದ ಮೀನು ತುಂಬಿಸಿಟ್ಟಿದ್ದ.

ಮರುದಿನ ಬೆಳಿಗ್ಗೆ ಮಗ ಏಳುವ ಮೊದಲೇ ಚೀಲ ಹಿಡಿದು ಟ್ಯಾಕ್ಸಿ ಹತ್ತಿದೆ. ಅದೇ ಭಟ್ಕಳದವನ ಮುಂದೆ ನಿಂತು, ಎಡಗಣ್ಣು ಮುಚ್ಚಿ ಕಿವಿರು ಎತ್ತಿದೆ. ಪೂರ್ತಿ ಕೆಂಪಿರಲಿಲ್ಲ, ಆದರೆ ಮೊದಲಿಗಿಂತ ಕಪ್ಪೂ ಆಗಿರಲಿಲ್ಲ. ಮೀನಿನ ಮೈಯನ್ನು ಬೆರಳಿನಿಂದ ಒತ್ತಿದೆ. ಮಾಂಸ ಪುಟಿದು ಬಂತು, ತಾಜಾ ಮಾಲೇ.

"ಎಂತ ಅಮ್ಮ, ಇವತ್ತು ಹೋದ ವಾರದ್ದಾ, ಇವತ್ತಿನದ್ದಾ?"

"ಬಾಯಿ ಮುಚ್ಚಿ ಎರಡು ಕೇಜಿ ತೂಗು" ಎಂದೆ. "ತಲೆ ತೆಗೀಬೇಡ."