ರಬ್ಬರಿಲ್ಲದ ಕುರ್ಚಿ

ನಮ್ಮ ವಾಚನಾಲಯ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳಕ್ಕೆ ಸಹಿ ಹಾಕುವಾಗ ಮಾತ್ರ ಬಳಕೆಗೆ ಬರುತ್ತಿತ್ತು. ಮಿಕ್ಕಂತೆ ಎಲ್ಲರಿಗೂ ಅವರು ‘ಶ್ ಅಕ್ಕ’. ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು, ತುಟಿಗೆ ಬೆರಳಿಟ್ಟು ಅವರು ‘ಶ್’ ಎಂದರೆ, ಕೆಮ್ಮು ಬಂದವನು ಅದನ್ನು ಗಂಟಲಲ್ಲೇ ಹಿಡಿದುಕೊಂಡು ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದ. ನಾನೂ ಎಷ್ಟೋ ಕೆಮ್ಮುಗಳನ್ನು ಹಾಗೆ ಬೀದಿಯವರೆಗೆ ಹೊತ್ತವನೇ.

ಆದರೆ ಅಕ್ಕ ಬರೀ ಬೆರಳನ್ನು ನಂಬಿ ಕೂತವರಲ್ಲ. ಬೀದಿಯವರ ಸವೆದ ಚಪ್ಪಲಿಗಳನ್ನೆಲ್ಲ ಕೂಡಿಹಾಕಿ, ರಬ್ಬರನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಪ್ರತಿ ಕುರ್ಚಿಯ ಕಾಲಿಗೂ ಅಂಟಿಸಿದ್ದರು. ನಮ್ಮ ಬೀದಿಯಲ್ಲಿ ಚಪ್ಪಲಿ ಕಿತ್ತುಹೋದರೆ ಯಾರೂ ಎಸೆಯುತ್ತಿರಲಿಲ್ಲ. “ಅಕ್ಕನಿಗೆ ಕೊಟ್ಟುಬಿಡಿ, ಕುರ್ಚಿ ಹಾಕ್ಕೊಳ್ಳುತ್ತೆ” ಎನ್ನುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಒಂದು ಕುರ್ಚಿ ಮಾತ್ರ ಬಾಯಿ ಮುಚ್ಚಲಿಲ್ಲ. ಮಹಡಿಯ ಹಾಲಿನಲ್ಲಿ, ಬೀದಿಗೆ ತೆರೆಯುವ ಕಿಟಕಿಯ ಪಕ್ಕದಲ್ಲಿದ್ದ ಕುರ್ಚಿ ಅದು. ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದ ಗಡಿಯಾರ ರಿಪೇರಿಯವರು ಅದನ್ನು ‘ಕರ್ರ್’ ಎಂದು ಎಳೆದೇ ಕೂರುತ್ತಿದ್ದರು. ಕೆಳಗಿದ್ದ ಅಕ್ಕ ಮಂಡಿನೋವನ್ನೂ ಲೆಕ್ಕಿಸದೆ ಮೆಟ್ಟಿಲು ಹತ್ತಿ ಬರುತ್ತಿದ್ದರು.

“ರೀ ಗಡಿಯಾರದವರೇ, ಕುರ್ಚಿ ಎತ್ತಿಡಿ ಅಂತ ಎಷ್ಟು ಸಲ ಹೇಳೋದು?”

“ಎತ್ತೋಣ ಅಂದ್ರೆ ಸೊಂಟ ಒಪ್ಪಲ್ಲ ಮೇಡಮ್ಮೋರೇ.”

“ಮೊನ್ನೆ ತಾನೇ ರಬ್ಬರ್ ಅಂಟಿಸಿದ್ದೆ. ಎಲ್ಲೋಯ್ತು?”

“ಚಪ್ಪಲಿ ಅಲ್ವಾ? ನಡ್ಕೊಂಡು ಹೋಗಿರ್ಬೇಕು.”

ಅಕ್ಕ ನಗು ಬರುವ ಮೊದಲೇ ಬೆನ್ನು ತಿರುಗಿಸಿ ಇಳಿದುಬಿಡುತ್ತಿದ್ದರು. ಎಲ್ಲರೂ ‘ಅಕ್ಕ’ ಎಂದು ಕರೆಯುತ್ತಿದ್ದ ಹೆಂಗಸನ್ನು ಆತನೊಬ್ಬ ಯಾಕೆ ‘ಅಕ್ಕ’ ಎನ್ನುತ್ತಿರಲಿಲ್ಲ ಎಂಬುದು, ಇಡೀ ದಿನ ಪತ್ರಿಕೆ ಓದಿ ಲೋಕದ ಆಗುಹೋಗುಗಳನ್ನು ತಿಳಿದುಕೊಳ್ಳುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಒಂದು ದಿನ ಗಡಿಯಾರದವರು ಕಣ್ಣಿನ ಪೊರೆ ತೆಗೆಸಲು ದೂರದ ಊರಿನ ತಮ್ಮನ ಮನೆಗೆ ಹೊರಟರು. “ಬೇಗ ಬಂದ್ಬಿಡ್ತೀನಿ. ನನ್ನ ಕುರ್ಚೀಲಿ ಯಾರನ್ನೂ ಕೂರಿಸ್ಬೇಡಿ” ಎಂದರು. “ಕುರ್ಚಿ ನಿಮ್ಮಪ್ಪಂದಲ್ಲ, ವಾಚನಾಲಯದ್ದು. ಮೊದ್ಲು ಕಣ್ಣು ನೋಡ್ಕೊಳ್ಳಿ” ಎಂದರು ಅಕ್ಕ. ಬೀಳ್ಕೊಡುಗೆ ಅಷ್ಟಕ್ಕೇ ಮುಗಿಯಿತು.

ಅವರು ಬೇಗ ಬರಲಿಲ್ಲ. ಅಷ್ಟರಲ್ಲಿ ವಾಚನಾಲಯ ಮಾರ್ಕೆಟ್ಟಿನ ಹಿಂದಿನ ಹೊಸ ಕಟ್ಟಡಕ್ಕೆ ಹೋಯಿತು. ಪುಸ್ತಕ, ಬೀರು, ಫ್ಯಾನು ಎಲ್ಲ ಹೋದವು. ಅಕ್ಕ ಮಾತ್ರ ಹೋಗಲಿಲ್ಲ. ಹಳೇ ಸಾಮಾನು ಕಾಯಬೇಕು ಎಂದರು. ಕಾಯಲು ಉಳಿದಿದ್ದು ಒಂದು ಮೇಜು, ಮುರಿದ ಏಣಿ, ಮಹಡಿಯ ಆ ಕುರ್ಚಿ.

ಜೀವಮಾನವೆಲ್ಲ ನಿಶ್ಶಬ್ದಕ್ಕಾಗಿ ಹೋರಾಡಿದವರಿಗೆ ಈಗ ಅದು ಕಟ್ಟಡದ ತುಂಬ ಸಿಕ್ಕಿತ್ತು. ಸಿಕ್ಕ ಮೇಲೆ ಅವರು ಹೆದರಲು ಶುರುಮಾಡಿದರು. ನಲ್ಲಿ ತೊಟ್ಟಿಕ್ಕುವ ಸದ್ದು, ಮರದ ಮೆಟ್ಟಿಲಿನ ಲಟಕ್ಕು, ಪಾರಿವಾಳದ ರೆಕ್ಕೆ, ಪ್ರತಿಯೊಂದಕ್ಕೂ ಮೈ ಜುಮ್ಮೆನ್ನುತ್ತಿತ್ತಂತೆ. ಹಗಲಲ್ಲೂ ಬಾಗಿಲು ತೆರೆದಿಟ್ಟುಕೊಂಡು, ಹೊಸ್ತಿಲ ಮೇಲೆ ಅರ್ಧ ಬೀದಿಯಲ್ಲಿ ಅರ್ಧ ಒಳಗೆ ಕೂರುತ್ತಿದ್ದರು.

ಓದುಗರ ಸಂಘದ ಕಾರ್ಯದರ್ಶಿಗಳು ಬೀಗದ ಕೈ ವಸೂಲಿಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದುಕೊಂಡರು. ಕಾರ್ಯದರ್ಶಿಗಳು ಎಂದು ಬಹುವಚನದಲ್ಲೇ ಹೇಳಬೇಕು. ಒಬ್ಬರೇ ಇದ್ದರೂ ಅವರು ಸಭೆಯಂತೆಯೇ ನಡೆಯುತ್ತಿದ್ದರು.

“ನೋಡಮ್ಮ,” ಎಂದು ಅವರು ಖಾಲಿ ಕೋಣೆಯನ್ನು ಉದ್ದೇಶಿಸಿ ಆರಂಭಿಸಿದರು. “ಬಿಸಿಲಿಗೆ ಹಿಗ್ಗಿದ ಮರ ಸಂಜೆ ಕುಗ್ಗುತ್ತೆ, ಲಟಕ್ ಅನ್ನುತ್ತೆ. ಜನ ಇದ್ದಾಗ್ಲೂ ಅಂತಿತ್ತು, ಗಲಾಟೇಲಿ ಕೇಳಿಸ್ತಿರಲಿಲ್ಲ. ಒಬ್ಬರೇ ಇದ್ದಾಗ ಕಿವಿಗೆ ಬೇರೆ ಕೆಲಸ ಇರಲ್ಲ. ಮನಸ್ಸು ಒಂದೊಂದು ಸದ್ದಿಗೂ ಒಬ್ಬೊಬ್ಬ ಮನುಷ್ಯನನ್ನ ತಂದು ನಿಲ್ಲಿಸುತ್ತೆ. ಇಷ್ಟೇ ದೆವ್ವ!”

“ತಂದು ನಿಲ್ಸೋದಾದ್ರೆ ಪೂರ್ತಿ ತಂದು ನಿಲ್ಸ್ಲಿ ಸಾರ್,” ಎಂದರು ಅಕ್ಕ. “ಬರೀ ಹೆಜ್ಜೆ ತಂದು ಬಿಡೋದೇನು?”

ಕಾರ್ಯದರ್ಶಿಗಳಿಗೆ ಅದು ಪ್ರಶ್ನೋತ್ತರದ ವೇಳೆಗೆ ಮೊದಲೇ ಬಂದ ಪ್ರಶ್ನೆಯಂತೆ ಕಂಡಿತು. “ಅದಿರ್ಲಿ. ನಾಳೆ ಕಟ್ಟಡಕ್ಕೆ ಬೀಗ. ನೀವು ಹೊಸ ಕಡೆಗೆ ಬನ್ನಿ.”

“ನಾನು ಅಲ್ಲಿಗೆ ಬಂದ್ಮೇಲೆ ಅವರು ಇಲ್ಲಿಗೆ ಬಂದ್ರೆ?”

ಯಾರು ಎಂದು ನಾವು ಕೇಳಲಿಲ್ಲ. ಕೊನೆಗೂ ನಮಗೆ ಅಷ್ಟು ಬುದ್ಧಿ ಬಂದಿತ್ತು.

“ಬಾಗಿಲಿಗೆ ಹೊಸ ವಿಳಾಸದ ಬೋರ್ಡ್ ಹಾಕಿದ್ದೀವಲ್ಲಮ್ಮ, ದಪ್ಪಕ್ಷರದಲ್ಲಿ!”

“ಕಣ್ಣು ಚೆನ್ನಾಗಿದ್ದಿದ್ರೆ ಅಲ್ಲೀವರೆಗೂ ಯಾಕೆ ಹೋಗ್ತಿದ್ರು? ಆಪರೇಷನ್ ಏನಾಯ್ತೋ ಏನೋ.”

ಅದೇ ಹೊತ್ತಿಗೆ ಮೇಲಿನಿಂದ ‘ಟಕ್’ ಎಂದಿತು. ಮತ್ತೆ ‘ಟಕ್, ಟಕ್’. ಮರ ಹಿಗ್ಗುವುದು ಕುಗ್ಗುವುದು ಎಲ್ಲವನ್ನೂ ಬಲ್ಲ ಕಾರ್ಯದರ್ಶಿಗಳು ನನ್ನ ಮೊಣಕೈ ಹಿಡಿದರು. ನಾನು ಹಿಡಿಯಲು ಯಾರೂ ಉಳಿದಿರಲಿಲ್ಲ, ಮೇಜನ್ನು ಹಿಡಿದೆ. ಬಾಗಿಲಿಗೆ ಓಡುತ್ತಾರೆ ಎಂದು ನಾವು ಅಂದುಕೊಂಡಿದ್ದ ಅಕ್ಕ ಮೆಟ್ಟಿಲ ಕಡೆ ಓಡಿದರು. ಭಯ ಇರಲಿಲ್ಲವೆಂದಲ್ಲ. ಆದರೂ ಮುಖ ಮಾತ್ರ ಬಸ್ಸಿನಿಂದ ಇಳಿಯುವವರನ್ನು ನೋಡುವವರ ಮುಖದಂತಿತ್ತು.

ಮೇಲೆ ಯಾರೂ ಇರಲಿಲ್ಲ. ಗಾಳಿಗೆ ಕಿಟಕಿಯ ಬಾಗಿಲು ಚೌಕಟ್ಟಿಗೆ ಬಡಿಯುತ್ತಿತ್ತು, ಅಷ್ಟೆ. “ಹೇಳ್ಲಿಲ್ವಾ ನಾನು!” ಎಂದು ಕಾರ್ಯದರ್ಶಿಗಳು ನನ್ನ ಮೊಣಕೈ ಬಿಟ್ಟರು. ಅಕ್ಕ ಕುರ್ಚಿಯ ಮೇಲೆ ಕೂತುಬಿಟ್ಟರು. ದೆವ್ವ ಇಲ್ಲವೆಂದು ತಿಳಿದು ಅಷ್ಟು ಸಪ್ಪಗಾದವರನ್ನು ನಾನು ಬೇರೆ ಕಂಡಿಲ್ಲ.

ಕಿಟಕಿ ಮುಚ್ಚೋಣವೆಂದು ಹೋದ ನನ್ನ ಕಾಲಿಗೆ ಮೆತ್ತಗೆ ಏನೋ ತಗುಲಿತು. ರಬ್ಬರಿನ ಬಿಲ್ಲೆ. ಕಿಟಕಿಯ ಸಂದಿನೊಳಗೆ ಅಂಥವೇ ಇನ್ನಷ್ಟು, ಗಡಿಯಾರದೊಳಗಿನ ಕೆಲಸದಷ್ಟೇ ಅಚ್ಚುಕಟ್ಟಾಗಿ, ಒಂದರ ಪಕ್ಕ ಒಂದು ಕೂತಿದ್ದವು. ನೀಲಿ ಚಪ್ಪಲಿಯದು, ಕಪ್ಪು ಚಪ್ಪಲಿಯದು, ಅಕ್ಕನ ಸ್ವಂತದ ಹಸಿರು ಚಪ್ಪಲಿಯದು. ಕುರ್ಚಿಯಿಂದ ಕಿತ್ತದ್ದನ್ನೆಲ್ಲ ಆ ಮನುಷ್ಯ ಇಲ್ಲಿ ತುರುಕಿ, ಕಿಟಕಿ ಸದ್ದು ಮಾಡದಂತೆ ನೋಡಿಕೊಂಡಿದ್ದರು. ಇಡೀ ಮಹಡಿಯಲ್ಲಿ ಸದ್ದು ಮಾಡುವ ಹಕ್ಕು ತಮ್ಮ ಕುರ್ಚಿಯೊಂದಕ್ಕೇ ಇರಲಿ ಎಂದೋ ಏನೋ. ಈಗ ಒಣಗಿ ಒಂದು ಬಿಲ್ಲೆ ಉದುರಿತ್ತು.

ಅಕ್ಕ ಹಸಿರು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ಕಳ್ಳ,” ಎಂದರು. ಕಣ್ಣು ಒರೆಸಿಕೊಂಡರು. ಆಮೇಲೆ ಎದ್ದು, ಉಳಿದ ಬಿಲ್ಲೆಗಳನ್ನೆಲ್ಲ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡರು. ಕಿಟಕಿ ಈಗ ಜೋರಾಗಿ ಬಡಿಯತೊಡಗಿತು.

“ಚಿಲಕ ಹಾಕ್ಲಾ ಅಕ್ಕಾ?”

“ಬೇಡ. ಬಡ್ಕೊಳ್ಲಿ. ಬೋರ್ಡ್ ಕಾಣ್ದಿದ್ರೂ ಅವರಿಗೆ ಕಿವಿ ಚೆನ್ನಾಗಿದೆ. ಇಷ್ಟು ಸದ್ದು ಕೇಳಿದ್ರೆ ಸಾಕು, ಒಳಗೆ ನಾನಿಲ್ಲ ಅಂತ ಗೊತ್ತಾಗುತ್ತೆ.”

ಬೀಗದ ಕೈಯನ್ನು ಅವರೇ ಕಾರ್ಯದರ್ಶಿಗಳ ಕೈಗಿಟ್ಟರು. ಕುರ್ಚಿಯನ್ನು ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಆ ಹಳೇ ಕಟ್ಟಡದಲ್ಲಿ ಏನೋ ಇದೆ ಎಂದು ಈಗ ಬೀದಿಯ ಜನ ಹೇಳುತ್ತಾರೆ. ಕಾರ್ಯದರ್ಶಿಗಳು ಹಾದುಹೋದವರನ್ನೆಲ್ಲ ನಿಲ್ಲಿಸಿ ಮರದ ಹಿಗ್ಗು ಕುಗ್ಗು ವಿವರಿಸುತ್ತಾರೆ. ತಾವು ಮಾತ್ರ ಎದುರಿನ ಫುಟ್‌ಪಾತಿನಲ್ಲೇ ನಡೆಯುತ್ತಾರೆ. ಹೊಸ ವಾಚನಾಲಯದಲ್ಲಿ ಕುರ್ಚಿಗಳೆಲ್ಲ ರಬ್ಬರು ತೊಟ್ಟು ತೆಪ್ಪಗಿವೆ, ಕಿಟಕಿ ಪಕ್ಕದ್ದೊಂದನ್ನು ಬಿಟ್ಟು. ತಿಳಿಯದ ಹೊಸಬರು ಯಾರಾದರೂ ಅದನ್ನು ‘ಕರ್ರ್’ ಎಂದು ಎಳೆಯುತ್ತಾರೆ. ಅಕ್ಕ ತಲೆ ಎತ್ತುತ್ತಾರೆ, ಬೆರಳೂ ತುಟಿಯವರೆಗೆ ಬರುತ್ತದೆ. ಕೂತವರ ಮುಖ ನೋಡಿ, ‘ಶ್’ ಎನ್ನದೆ, ಕೈಯನ್ನು ಮತ್ತೆ ಮೇಜಿನ ಮೇಲೆ ಇಡುತ್ತಾರೆ.